ನಾಜಿ ಪಕ್ಷ ಹೋಗಿ ಎಂಬತ್ತು ವರ್ಷ: ನವ ನಾಜಿಗಳು ಉಳಿಸಿಕೊಂಡಿದ್ದೇನು, ಬದಲಿಸಿದ್ದೇನು?

ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆದ ಎರಡು ಮೊಕದ್ದಮೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು 1924ರದ್ದು. ಅದರ ಹಿಂದಿನ ನವೆಂಬರ್‌ನಲ್ಲಿ ಅಡಾಲ್ಫ್ ಹಿಟ್ಲರ್ ಒಂದು ಬಿಯರ್ ಹಾಲ್‌ಗೆ ನುಗ್ಗಿ, ಅಲ್ಲಿಂದಲೇ ಸರ್ಕಾರ ಉರುಳಿಸಲು ಹೊರಟಿದ್ದ. ನಾಲ್ವರು ಪೊಲೀಸರು ಸತ್ತರು. ಆರೋಪ ದೇಶದ್ರೋಹದ್ದು. ಆದರೆ ನ್ಯಾಯಾಧೀಶರು ಅವನಿಗೆ ಗಂಟೆಗಟ್ಟಲೆ ಭಾಷಣ ಮಾಡಲು ಬಿಟ್ಟರು. ಅವನು ಆಸ್ಟ್ರಿಯಾದವನು, ಗಡಿಪಾರು ಮಾಡಬಹುದಿತ್ತು. ಇಷ್ಟೊಂದು ಜರ್ಮನ್ ಮನಸ್ಸಿನವನಿಗೆ ಆ ಕಾನೂನು ಅನ್ವಯಿಸುವುದಿಲ್ಲ ಎಂದು ಕೋರ್ಟ್ ಅದನ್ನೂ ಬಿಟ್ಟಿತು. ಐದು ವರ್ಷದ ಶಿಕ್ಷೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಿಟ್ಲರ್ ಜೈಲಿನಿಂದ ಹೊರಗೆ ಬಂದ.

ಎರಡನೆಯದು 2013ರ ಮೇ ತಿಂಗಳಲ್ಲಿ ಶುರುವಾಗಿ 2018ರ ಜುಲೈ 11ಕ್ಕೆ ಮುಗಿಯಿತು. 438 ದಿನ ವಿಚಾರಣೆ ನಡೆಯಿತು. ಮುಖ್ಯ ಆರೋಪಿ ಬೆಯಾಟೆ ಚೇಪೆ. 'ನ್ಯಾಷನಲ್ ಸೋಷಿಯಲಿಸ್ಟ್ ಅಂಡರ್‌ಗ್ರೌಂಡ್' ಎಂಬ ಮೂವರ ಗುಂಪಿನಲ್ಲಿ ಬದುಕುಳಿದಿದ್ದವಳು ಇವಳೊಬ್ಬಳೇ. 2000ರಿಂದ 2007ರವರೆಗೆ ಈ ಗುಂಪು ಹತ್ತು ಜನರನ್ನು ಕೊಂದಿತ್ತು. ಎಂಟು ಜನ ಟರ್ಕಿ ಮೂಲದವರು, ಒಬ್ಬರು ಗ್ರೀಕ್, ಒಬ್ಬರು ಜರ್ಮನ್ ಮಹಿಳಾ ಪೊಲೀಸ್. ಚೇಪೆಗೆ ಜೀವಾವಧಿ ಶಿಕ್ಷೆಯಾಯಿತು.

ಈ ಮೂವರೂ 1970ರ ದಶಕದಲ್ಲಿ, ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ ಹುಟ್ಟಿದವರು. ಹಿಟ್ಲರ್ ಸತ್ತು ಆಗಲೇ ಸುಮಾರು ಮೂವತ್ತು ವರ್ಷ ಆಗಿತ್ತು. ಹಾಗಾದರೆ ಇವರಿಗೆ ನಾಜಿವಾದ ಎಲ್ಲಿಂದ ಬಂತು? ಅದು ಅದೇ ಹಳೆಯ ನಾಜಿವಾದವಾ?

ಇದಕ್ಕೆ ಸುಲಭದ ಉತ್ತರಗಳು ಎರಡಿವೆ. "ಅದೇ ಪಿಡುಗು ಮತ್ತೆ ಬಂದಿದೆ" ಅನ್ನುವುದು ಒಂದು. "ತಲೆಕೆಟ್ಟ ಹುಡುಗರು ಹಳೇ ವೇಷ ಹಾಕಿಕೊಂಡಿದ್ದಾರೆ, ಅಷ್ಟೇ" ಅನ್ನುವುದು ಇನ್ನೊಂದು. ಎರಡೂ ಸಾಲುವುದಿಲ್ಲ. ನವ ನಾಜಿಗಳು ಹಳೆಯ ನಾಜಿವಾದದ ಅಂಗಾಂಗಗಳಲ್ಲಿ ಅರ್ಧದಷ್ಟನ್ನು ಎಸೆದಿದ್ದಾರೆ. ಆದರೆ ಅದರ ನಡುಗಂಬವನ್ನು ಹಾಗೇ ಇಟ್ಟುಕೊಂಡಿದ್ದಾರೆ. ಏನನ್ನು ಎಸೆದರು, ಏನನ್ನು ಇಟ್ಟುಕೊಂಡರು ಅನ್ನುವುದು ಗೊತ್ತಾಗದಿದ್ದರೆ ಪೊಲೀಸರೂ ಪತ್ರಕರ್ತರೂ ಸಾಮಾನ್ಯ ಜನರೂ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಹಾಗೆ ಹುಡುಕಿದ್ದರಿಂದ ಜೀವಗಳು ಹೋಗಿವೆ. ಅದಕ್ಕೇ ಇದು ಬರೀ ಇತಿಹಾಸದ ಮೇಷ್ಟ್ರುಗಳ ಚರ್ಚೆ ಅಲ್ಲ.

ನಿಜವಾದ ನಾಜಿಗಳು ಎಲ್ಲಿ ಹೋದರು?

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದಾಗ ನಾಜಿ ಪಕ್ಷಕ್ಕೆ ಎಂಬತ್ತು ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದರು. ನ್ಯೂರೆಂಬರ್ಗ್‌ನಲ್ಲಿ ದೊಡ್ಡ ತಲೆಗಳ ವಿಚಾರಣೆ ನಡೆಯಿತು, ಕೆಲವರನ್ನು ಗಲ್ಲಿಗೆ ಹಾಕಿದರು. ಉಳಿದ ಲಕ್ಷಾಂತರ ಜನ? ಬಹಳಷ್ಟು ಮಂದಿ ಸುಮ್ನೆ ಮನೆಗೆ ಹೋದರು. ಆಮೇಲೆ ಕಚೇರಿಗೂ ಹೋದರು.

ಹಾನ್ಸ್ ಗ್ಲೋಬ್ಕೆ ಅದಕ್ಕೊಂದು ಉದಾಹರಣೆ. ಯೆಹೂದಿಗಳ ಪೌರತ್ವ ಕಿತ್ತುಕೊಂಡ, ಯೆಹೂದಿಗಳು ಮತ್ತು ಜರ್ಮನ್ನರ ಮದುವೆಯನ್ನು ಅಪರಾಧ ಮಾಡಿದ 1935ರ ನ್ಯೂರೆಂಬರ್ಗ್ ಕಾನೂನುಗಳಿಗೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ಅವನೂ ಒಬ್ಬ. ಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ 1953ರಿಂದ 1963ರವರೆಗೆ, ಪ್ರಧಾನಿಗೆ ಸಮನಾದ ಚಾನ್ಸಲರ್ ಹುದ್ದೆಯಲ್ಲಿದ್ದ ಅಡೆನಾವರ್ ಅವರ ಕಚೇರಿಯ ಮುಖ್ಯಸ್ಥನಾಗಿದ್ದವನೂ ಅವನೇ. 1966ರಲ್ಲಿ ಚಾನ್ಸಲರ್ ಆದ ಕರ್ಟ್ ಗೇಯೋರ್ಗ್ ಕೀಸಿಂಗರ್ 1933ರಲ್ಲೇ ನಾಜಿ ಪಕ್ಷ ಸೇರಿದ್ದವರು. ಇಂಥವರು ಯಾರೂ ಯುದ್ಧದ ನಂತರ ತೋಳಿಗೆ ಪಟ್ಟಿ ಕಟ್ಟಲಿಲ್ಲ, ಕೈ ಚಾಚಿ ವಂದನೆ ಹೇಳಲಿಲ್ಲ. ಅವರಿಗೆ ಅದು ಬೇಕಿರಲಿಲ್ಲ.

ಪಕ್ಷವನ್ನೇ ಮತ್ತೆ ಕಟ್ಟಲು ಹೊರಟವರೂ ಇದ್ದರು. 1944ರ ಜುಲೈನಲ್ಲಿ ಹಿಟ್ಲರನನ್ನು ಕೊಲ್ಲುವ ಸಂಚು ನಡೆದಾಗ ಬರ್ಲಿನ್‌ನಲ್ಲಿ ಅದನ್ನು ಹತ್ತಿಕ್ಕಿದ ಸೇನಾಧಿಕಾರಿ ಓಟ್ಟೋ ಎರ್ನ್ಸ್ಟ್ ರೇಮರ್. ಅವನೂ ಅವನ ಜೊತೆಗಾರರೂ 1949ರಲ್ಲಿ 'ಸೋಷಿಯಲಿಸ್ಟ್ ರೈಖ್ ಪಾರ್ಟಿ' ಹುಟ್ಟುಹಾಕಿದರು. 1951ರಲ್ಲಿ ಲೋವರ್ ಸ್ಯಾಕ್ಸನಿ ರಾಜ್ಯದ ಚುನಾವಣೆಯಲ್ಲಿ ಅದಕ್ಕೆ ಶೇ 11ರಷ್ಟು ಮತ ಬಿತ್ತು. ಕೋಟ್ಯಂತರ ಜನರ ಹೆಣ ಬಿದ್ದು ಆರೇ ವರ್ಷ ಆಗಿತ್ತು, ನೆನಪಿರಲಿ. 1952ರಲ್ಲಿ ಸಂವಿಧಾನ ನ್ಯಾಯಾಲಯ ಆ ಪಕ್ಷವನ್ನು ನಿಷೇಧಿಸಿತು. ಹಳೆಯ ಪಕ್ಷಕ್ಕೆ ನೇರ ವಾರಸುದಾರ ಅಂತ ಹೇಳಬಹುದಾಗಿದ್ದ ಸಂಘಟನೆ ಅಲ್ಲಿಗೆ ಮುಗಿಯಿತು.

ಅಂದರೆ ಅಧಿಕಾರದ ಎಳೆ ಒಂದು ಕಡೆ ಹೋಯಿತು, ವೇಷದ ಎಳೆ ಇನ್ನೊಂದು ಕಡೆ ಹೋಯಿತು. ಆ ವೇಷ ಮೊದಲು ಗಟ್ಟಿಯಾಗಿ ನೆಲೆ ಕಂಡಿದ್ದು ಜರ್ಮನಿಯಲ್ಲೇ ಅಲ್ಲ. ಹಿಟ್ಲರನ ವಿರುದ್ಧ ಯುದ್ಧ ಮಾಡಿದ ದೇಶಗಳಲ್ಲಿ.

ಜರ್ಮನ್ ರಾಷ್ಟ್ರದಿಂದ 'ಬಿಳಿ ಜನಾಂಗ'ಕ್ಕೆ

ಜಾರ್ಜ್ ಲಿಂಕನ್ ರಾಕ್‌ವೆಲ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಪೈಲಟ್ ಆಗಿದ್ದವನು. 1959ರಲ್ಲಿ ಅವನೇ ವರ್ಜೀನಿಯಾದಲ್ಲಿ ಅಮೆರಿಕನ್ ನಾಜಿ ಪಕ್ಷ ಕಟ್ಟಿದ. 1962ರಲ್ಲಿ ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಪ್ರದೇಶದಲ್ಲಿ ಬ್ರಿಟನ್ನಿನ ನವ ನಾಜಿ ನಾಯಕ ಕಾಲಿನ್ ಜೋರ್ಡನ್ ಕರೆದಿದ್ದ ಶಿಬಿರಕ್ಕೆ ಕದ್ದುಮುಚ್ಚಿ ಹೋದ. ಹಲವು ದೇಶಗಳ ನಾಜಿ ಗುಂಪುಗಳು ಸೇರಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಮಾಡಿಕೊಂಡವು.

ಆ ಶಿಬಿರದಲ್ಲಿ ಸೀರೆ ಉಡುತ್ತಿದ್ದ ಒಬ್ಬ ಹೆಂಗಸೂ ಇದ್ದಳು. ಹೆಸರು ಸಾವಿತ್ರಿ ದೇವಿ. 1905ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಹುಟ್ಟಿದ ಮ್ಯಾಕ್ಸಿಮಿಯಾನಿ ಪೋರ್ಟಾಸ್. 1932ರಲ್ಲಿ ಭಾರತಕ್ಕೆ ಬಂದಳು, ಕಲ್ಕತ್ತದ ಅಸಿತ್ ಕೃಷ್ಣ ಮುಖರ್ಜಿಯನ್ನು ಮದುವೆಯಾದಳು. ಹಿಟ್ಲರ್ ಒಬ್ಬ ಅವತಾರ ಪುರುಷ ಅಂತ ಬರೆದಳು. ಯುದ್ಧ ಮುಗಿದ ಮೇಲೆ ಜರ್ಮನಿಗೆ ಹೋಗಿ ನಾಜಿ ಕರಪತ್ರ ಹಂಚಿ ಜೈಲು ಸೇರಿದಳು. ನಮ್ಮ ಪುರಾಣದ ಅವತಾರ, ಯುಗಗಳ ಕಲ್ಪನೆಯನ್ನು ಎತ್ತಿಕೊಂಡು ನರಮೇಧ ಮಾಡಿದವನ ಮೇಲೆ ಹೊದಿಸಿದ ಈಕೆಯ ಬರಹಗಳನ್ನು ಇವತ್ತಿಗೂ ಯುರೋಪ್, ಅಮೆರಿಕದ ನವ ನಾಜಿಗಳು ಓದುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಅದರ ಜೊತೆಗೆ ಇನ್ನೊಂದು ಮಾತು ಹೇಳಬೇಕು. ಹಿಟ್ಲರನ ಪುಸ್ತಕ ನಮ್ಮ ಊರುಗಳ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಶಿಸ್ತು ಕಲಿಯೋಕೆ ಅಂತ ಓದುವವರೂ ಇದ್ದಾರೆ. ಅದೇ ಪುಸ್ತಕದಲ್ಲಿ ಅವನು ಭಾರತದ ಸ್ವಾತಂತ್ರ್ಯ ಹೋರಾಟವನ್ನು ಹೀಯಾಳಿಸಿದ್ದಾನೆ. ಭಾರತ ಬೇರೆ ಯಾರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಕೈಯಲ್ಲೇ ಇರಲಿ ಎಂದಿದ್ದಾನೆ. 1941ರಲ್ಲಿ ಸೋವಿಯತ್ ನೆಲಕ್ಕೆ ನುಗ್ಗಿದಾಗ, ಬ್ರಿಟಿಷರಿಗೆ ಭಾರತ ಹೇಗೋ ನಮಗೆ ರಷ್ಯಾ ಹಾಗೆ ಆಗುತ್ತದೆ ಅಂತ ತನ್ನವರ ಮುಂದೆ ಹೇಳಿಕೊಂಡಿದ್ದ. ಅವನ ಕಣ್ಣಲ್ಲಿ ನಾವು ಆಳಿಸಿಕೊಳ್ಳುವ ಜನ.

ಈ ರಷ್ಯಾದ ವಿಷಯದಲ್ಲೇ ಹಳೆಯದಕ್ಕೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾಣುತ್ತದೆ. ಹಿಟ್ಲರನ ಪಕ್ಷಕ್ಕೆ ಬೇಕಿದ್ದದ್ದು ಜರ್ಮನ್ನರ ಸಾಮ್ರಾಜ್ಯ. ಪೋಲೆಂಡ್, ಉಕ್ರೇನ್, ರಷ್ಯಾದ ಸ್ಲಾವ್ ಜನರ ಚರ್ಮ ಬಿಳಿಯೇ. ಆದರೂ ನಾಜಿಗಳಿಗೆ ಅವರು ಕೀಳು ಮನುಷ್ಯರು, ಜಾಗ ಖಾಲಿ ಮಾಡಿಸಬೇಕಾದವರು. ಸೆರೆಸಿಕ್ಕ ಸೋವಿಯತ್ ಸೈನಿಕರಲ್ಲಿ ಸುಮಾರು 33 ಲಕ್ಷ ಜನ ಹಸಿವು, ಚಳಿ, ಗುಂಡಿಗೆ ಬಲಿಯಾದರು. ಯುದ್ಧದಲ್ಲಿ ಒಟ್ಟು ಸತ್ತ ಸೋವಿಯತ್ ಪ್ರಜೆಗಳು ಸುಮಾರು 2.7 ಕೋಟಿ. ಇಷ್ಟಾದರೂ ರಷ್ಯಾದಲ್ಲಿ, ಪೋಲೆಂಡಿನಲ್ಲಿ, ಉಕ್ರೇನಿನಲ್ಲಿ ಇವತ್ತು ನವ ನಾಜಿ ಗುಂಪುಗಳಿವೆ. ಹಿಟ್ಲರ್ ಗೆದ್ದಿದ್ದರೆ ಆ ಹುಡುಗರ ಅಜ್ಜ ಅಜ್ಜಿಯರೇ ಉಳಿಯುತ್ತಿರಲಿಲ್ಲ.

ಇದು ಹೇಗೆ ಸಾಧ್ಯವಾಯಿತು ಅಂದರೆ, ರಾಕ್‌ವೆಲ್‌ನಂಥವರು ಬೇಲಿಯನ್ನು ಕಿತ್ತು ಆಚೆ ನೆಟ್ಟರು. ಜರ್ಮನ್ ರಕ್ತ ಎಂಬ ಜಾಗಕ್ಕೆ ಬಿಳಿ ಚರ್ಮ ಬಂತು. ಪೋಲರು, ಗ್ರೀಕರು, ಇಟಾಲಿಯನ್ನರು ಎಲ್ಲರೂ ಒಳಗೆ. 1967ರ ಶುರುವಿನಲ್ಲಿ ರಾಕ್‌ವೆಲ್ ತನ್ನ ಪಕ್ಷದ ಹೆಸರಿನಲ್ಲೇ 'ಬಿಳಿಯರ' ಅನ್ನುವುದನ್ನು ಸೇರಿಸಿದ. ಅದೇ ವರ್ಷ ಅವನ ಪಕ್ಷದ ಮಾಜಿ ಸದಸ್ಯನೊಬ್ಬ ಅವನನ್ನು ಗುಂಡಿಟ್ಟು ಕೊಂದ. ಆದರೆ ಬೇಲಿ ಹೊಸ ಜಾಗದಲ್ಲೇ ನಿಂತಿತು.

ಅಮೆರಿಕದಲ್ಲಿ ಇದು ಇಷ್ಟು ಸುಲಭವಾಗಿ ಬೇರೂರಿದ್ದಕ್ಕೆ ಕಾರಣವೂ ಇದೆ. ನಾಜಿವಾದದ ಒಂದಷ್ಟು ಸಾಮಗ್ರಿ ಅಲ್ಲಿಂದಲೇ ಜರ್ಮನಿಗೆ ಹೋಗಿತ್ತು. 1920ರ ದಶಕದ ಅಮೆರಿಕದ ವಲಸೆ ಕಾನೂನನ್ನು ಹಿಟ್ಲರ್ ಹೊಗಳಿದ್ದ. 1934ರ ಜೂನ್‌ನಲ್ಲಿ ನಾಜಿ ವಕೀಲರು, ಅಧಿಕಾರಿಗಳು ಹೊಸ ಜನಾಂಗ ಕಾನೂನು ರೂಪಿಸಲು ಕೂತಾಗ, ಕರಿಯರು ಮತ್ತು ಬಿಳಿಯರ ಮದುವೆ ತಡೆಯುವ ಅಮೆರಿಕದ ರಾಜ್ಯಗಳ ಕಾನೂನುಗಳನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದರು. ಹಾಗಾಗಿ ನವ ನಾಜಿವಾದ ಅಮೆರಿಕಕ್ಕೆ ಬಂದ ವಿದೇಶಿ ರೋಗ ಅನ್ನುವ ಮಾತು ಅರ್ಧ ಸತ್ಯ.

ನಾಯಕ ಬೇಡ, ಪಕ್ಷ ಬೇಡ

ಹಳೆಯ ನಾಜಿವಾದದಲ್ಲಿ ನಾಯಕನೇ ಎಲ್ಲ. ಅವನ ಮಾತೇ ಕಾನೂನು. ಲಕ್ಷಾಂತರ ಜನರ ಮೆರವಣಿಗೆ, ಯುವ ಸಂಘ, ಮಹಿಳಾ ಸಂಘ, ಪತ್ರಿಕೆ, ಚಂದಾ ರಸೀದಿ ಎಲ್ಲ ಇತ್ತು. 1928ರಲ್ಲಿ ಶೇ 2.6 ಮತ ಪಡೆದಿದ್ದ ಪಕ್ಷ, ಆರ್ಥಿಕ ಕುಸಿತದ ನಂತರ 1932ರ ಜುಲೈನಲ್ಲಿ ಶೇ 37 ದಾಟಿತು. ಆಗಲೂ ಬಹುಮತ ಬರಲಿಲ್ಲ. ಅದೇ ನವೆಂಬರ್‌ನಲ್ಲಿ ಮತ ಇಳಿಯಿತು ಕೂಡ. 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸಲರ್ ಕುರ್ಚಿಯಲ್ಲಿ ಕೂರಿಸಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್ ಮತ್ತು ಫಾನ್ ಪಾಪೆನ್‌ನಂಥ ಸಂಪ್ರದಾಯವಾದಿ ರಾಜಕಾರಣಿಗಳು. ಅವನನ್ನು ತಾವು ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಅಂದುಕೊಂಡಿದ್ದರು.

ಈಗಿನ ನವ ನಾಜಿಗಳಲ್ಲಿ ಬಹುತೇಕರು ಈ ದಾರಿಯನ್ನೇ ಕೈಬಿಟ್ಟಿದ್ದಾರೆ. ಗ್ರೀಸಿನ 'ಗೋಲ್ಡನ್ ಡಾನ್' ಪಕ್ಷ ಹಾಗಲ್ಲ. 2012ರಲ್ಲಿ ಶೇ 7ರ ಹತ್ತಿರ ಮತ ಪಡೆದು ಸಂಸತ್ತಿಗೆ ಹೋಯಿತು, ಬೀದಿಯಲ್ಲಿ ವಲಸಿಗರನ್ನು ಹೊಡೆಯಿತು. ಕೊನೆಗೆ 2020ರ ಅಕ್ಟೋಬರ್‌ನಲ್ಲಿ ಕೋರ್ಟ್ ಅದನ್ನು ಅಪರಾಧಿ ಸಂಘಟನೆ ಅಂತ ತೀರ್ಪು ಕೊಟ್ಟಿತು. ಜರ್ಮನಿಯಲ್ಲಿ 1964ರಲ್ಲಿ ಹುಟ್ಟಿದ, ತೀವ್ರ ಬಲಪಂಥದ ಎನ್‌ಪಿಡಿ ಪಕ್ಷದ ಕಥೆ ಇನ್ನೂ ಸಪ್ಪೆ. ಅದರ ಗುರಿ ಸಂವಿಧಾನಕ್ಕೆ ವಿರುದ್ಧ ಅಂತ 2017ರಲ್ಲಿ ಕೋರ್ಟ್ ಒಪ್ಪಿತು. ಆದರೆ ಗುರಿ ಮುಟ್ಟುವ ಶಕ್ತಿಯೇ ಅದಕ್ಕಿಲ್ಲ, ಹಾಗಾಗಿ ನಿಷೇಧ ಬೇಡ ಎಂದಿತು.

ಇದರ ಆಚೆ ಬೆಳೆದದ್ದು ಬೇರೆಯೇ ಒಂದು ರೂಪ. ಅಮೆರಿಕದ ಬಿಳಿಯರ ದ್ವೇಷ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಲೂಯಿಸ್ ಬೀಮ್ 1980ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟ. ದೊಡ್ಡ ಸಂಘಟನೆ ಕಟ್ಟಿದರೆ ಪೊಲೀಸರು ಒಳಗೆ ನುಸುಳುತ್ತಾರೆ. ಅದಕ್ಕೆ ನಾಯಕನೂ ಬೇಡ, ಆದೇಶವೂ ಬೇಡ. ಒಬ್ಬೊಬ್ಬರೇ, ಅಥವಾ ಇಬ್ಬರು ಮೂವರು ಸೇರಿ, ತಮಗೆ ತಾವೇ ತೀರ್ಮಾನಿಸಿ ದಾಳಿ ಮಾಡಬೇಕು. ರಾಕ್‌ವೆಲ್‌ನ ಹಳೆಯ ಜೊತೆಗಾರ ವಿಲಿಯಂ ಪಿಯರ್ಸ್ 1978ರಲ್ಲಿ ಇದೇ ಜಾಡಿನ ಒಂದು ಕಾದಂಬರಿ ಪ್ರಕಟಿಸಿದ್ದ. ಅದನ್ನು ಓದಿ ಮೆಚ್ಚಿ ಹಂಚುತ್ತಿದ್ದ ಟಿಮೊಥಿ ಮೆಕ್‌ವೇ 1995ರ ಏಪ್ರಿಲ್ 19ರಂದು ಒಕ್ಲಹೋಮ ನಗರದ ಸರ್ಕಾರಿ ಕಟ್ಟಡವನ್ನು ಸ್ಫೋಟಿಸಿದ. 168 ಜನ ಸತ್ತರು. ಅವರಲ್ಲಿ 19 ಮಕ್ಕಳು.

ಹಿಟ್ಲರ್ ಬದುಕಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ ಅನಿಸುತ್ತದೆ. ಅವನಿಗೆ ರಾಜ್ಯಯಂತ್ರ ಬೇಕಿತ್ತು, ಅದನ್ನು ಕೈಗೆ ತೆಗೆದುಕೊಳ್ಳಲು ಕಾಯುವ ತಾಳ್ಮೆಯೂ ಇತ್ತು. ಇವರಿಗೆ ರಾಜ್ಯವೇ ಶತ್ರು. ಸಮಾಜ ಕುಸಿದು ಬೀಳಲಿ, ಜನಾಂಗ ಯುದ್ಧ ಬೇಗ ಶುರುವಾಗಲಿ ಅನ್ನುವುದು ಇವರ ಆಸೆ. 2015ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ 'ಆಟಮ್‌ವಾಫನ್ ಡಿವಿಷನ್' ಎಂಬ ನವ ನಾಜಿ ಗುಂಪು ಇದೇ ಮಾತನ್ನು ಬಾಯಿಬಿಟ್ಟು ಹೇಳಿತು.

ಉಳಿದುಕೊಂಡ ನಡುಗಂಬ

ಇಷ್ಟೆಲ್ಲ ಬದಲಾದ ಮೇಲೆ ಇವರನ್ನು ನಾಜಿ ಅಂತ ಯಾಕೆ ಕರೆಯಬೇಕು? ಬರೀ ಚಿಹ್ನೆಗೋಸ್ಕರವೇ?

ಅಲ್ಲ. ಯೆಹೂದಿಗಳು ತೆರೆಮರೆಯಲ್ಲಿ ಕೂತು ಜಗತ್ತನ್ನು ಆಡಿಸುತ್ತಿದ್ದಾರೆ ಅನ್ನುವ ಕಟ್ಟುಕಥೆ ಹಾಗೇ ಇದೆ. 1903ರಲ್ಲಿ ರಷ್ಯಾದಲ್ಲಿ ಅಚ್ಚಾದ ಒಂದು ನಕಲಿ ದಾಖಲೆ ಈ ಕಥೆಯನ್ನು ಹರಡಿತ್ತು. ಅದು ಬೇರೆ ಪುಸ್ತಕದಿಂದ ಕದ್ದದ್ದು ಅಂತ 1921ರಲ್ಲೇ ಲಂಡನ್ನಿನ 'ದಿ ಟೈಮ್ಸ್' ತೋರಿಸಿಕೊಟ್ಟಿತ್ತು. ನಾಜಿಗಳಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಅವರ ಪ್ರಕಾರ ಬ್ಯಾಂಕಿನ ಬಂಡವಾಳಶಾಹಿಯೂ ಯೆಹೂದಿ, ಮಾಸ್ಕೋದ ಕಮ್ಯುನಿಸ್ಟನೂ ಯೆಹೂದಿ. ಎರಡು ವಿರುದ್ಧ ತುದಿಗಳನ್ನು ಒಂದೇ ಕೈಗೆ ಕಟ್ಟುವ ಈ ಉಪಾಯವೇ ಹಳೆಯ ನಾಜಿವಾದದ ಎಂಜಿನ್.

ಈಗ ಆ ಕಥೆಯ ಎದುರಿಗೆ ಕಾಣುವುದು ವಲಸಿಗರು. ಬಿಳಿಯರನ್ನು ಅಳಿಸಿ ಅವರ ಜಾಗಕ್ಕೆ ಬೇರೆಯವರನ್ನು ತುಂಬುವ ಸಂಚು ನಡೆದಿದೆ ಅನ್ನುವ 'ಮಹಾ ಬದಲಾವಣೆ'ಯ ಕಥೆಯನ್ನು 2011ರಲ್ಲಿ ಫ್ರೆಂಚ್ ಲೇಖಕ ರೆನೋ ಕಾಮ್ಯು ಹೆಸರಿಟ್ಟು ಹರಡಿದ. ಕೇಳಲು ಇದು ವಲಸೆಯ ಬಗ್ಗೆ ಇರುವ ಕಥೆ. ನವ ನಾಜಿಗಳು ಇದಕ್ಕೆ ಒಂದು ಸಾಲು ಸೇರಿಸುತ್ತಾರೆ: ಇದನ್ನು ಮಾಡಿಸುತ್ತಿರುವವರು ಯೆಹೂದಿಗಳು. 2017ರ ಆಗಸ್ಟ್‌ನಲ್ಲಿ ಅಮೆರಿಕದ ಷಾರ್ಲಟ್ಸ್‌ವಿಲ್‌ನಲ್ಲಿ ಪಂಜು ಹಿಡಿದು ಹೊರಟವರು ಕೂಗಿದ್ದು ಯೆಹೂದಿಗಳು ನಮ್ಮ ಜಾಗಕ್ಕೆ ಬರಲಾರರು ಅಂತಲೇ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಸಿನಗಾಗ್‌ಗೆ (ಯೆಹೂದಿಗಳ ಪ್ರಾರ್ಥನಾ ಮಂದಿರ) ನುಗ್ಗಿ 11 ಜನರನ್ನು ಕೊಂದವನು, ನಿರಾಶ್ರಿತರಿಗೆ ನೆರವಾಗುವ ಯೆಹೂದಿ ಸಂಸ್ಥೆಯೊಂದರ ಮೇಲೆ ಕಿಡಿ ಕಾರಿ ಹೊರಟಿದ್ದ. ಮುಸ್ಲಿಮರು, ಲ್ಯಾಟಿನ್ ಅಮೆರಿಕನ್ನರು ಬರುತ್ತಿದ್ದಾರೆ ಅನ್ನುವ ಸಿಟ್ಟು ಯೆಹೂದಿ ಮುದುಕರ ಮೇಲೆ ಗುಂಡಾಗಿ ಹಾರಿತು. ಹಳೆಯ ಕಂಬ ಅಂದೆನಲ್ಲ, ಅದು ಇದೇ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳ ಮೇಲೆ ದಾಳಿಯಾಗಿ 51 ಜನ ಸತ್ತರು. ಅವರಲ್ಲಿ ಐವರು ಭಾರತೀಯರು. ಕೊಲೆಗಾರ ತನ್ನ ಬರಹಕ್ಕೆ ಕೊಟ್ಟ ತಲೆಬರಹ ಆ ಬದಲಾವಣೆಯ ಕಥೆಯದ್ದೇ. ಬಳಸಿದ ಚಿಹ್ನೆ 'ಕಪ್ಪು ಸೂರ್ಯ'. ನಾಜಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ವೇವೆಲ್ಸ್‌ಬುರ್ಗ್ ಕೋಟೆಯ ನೆಲಕ್ಕೆ ಹಾಕಿಸಿದ್ದ ವಿನ್ಯಾಸ ಅದು. ಅದು ಜನಪ್ರಿಯ ಚಿಹ್ನೆ ಆದದ್ದು ಮಾತ್ರ ಯುದ್ಧ ಮುಗಿದು ದಶಕಗಳ ನಂತರ. ಕೊಲೆಗಾರ ದಾಳಿಯನ್ನು ನೇರ ಪ್ರಸಾರ ಮಾಡಿದ. ಒಂದೇ ದಿನದಲ್ಲಿ ಫೇಸ್‌ಬುಕ್ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಬೇಕಾಯಿತು. ಅದನ್ನು ನೋಡಿ ಕಲಿತವನೊಬ್ಬ 2022ರ ಮೇ ತಿಂಗಳಲ್ಲಿ ಅಮೆರಿಕದ ಬಫೆಲೊದ ಸೂಪರ್‌ಮಾರ್ಕೆಟ್‌ನಲ್ಲಿ ಹತ್ತು ಕಪ್ಪು ಜನರನ್ನು ಕೊಂದ.

ನರಮೇಧದ ವಿಷಯದಲ್ಲಿ ಇವರ ನಡೆ ಇನ್ನೂ ವಿಚಿತ್ರ. 1943ರ ಅಕ್ಟೋಬರ್‌ನಲ್ಲಿ ಪೋಸೆನ್‌ನಲ್ಲಿ ಹಿಮ್ಲರ್ ತನ್ನ ಅಧಿಕಾರಿಗಳ ಮುಂದೆ ಯೆಹೂದಿಗಳ ಸಾಮೂಹಿಕ ಕೊಲೆಯ ಬಗ್ಗೆ ಬಿಚ್ಚಿ ಮಾತನಾಡಿದ್ದ. ಇದು ನಮ್ಮ ಹೆಮ್ಮೆಯ ಪುಟ, ಆದರೆ ಎಂದೂ ಬರೆಯಬಾರದ ಪುಟ ಎಂದಿದ್ದ. ಮಾಡಿದವರು ಮುಚ್ಚಿಟ್ಟರು. ಆಮೇಲೆ ಬಂದವರು ಆಗಲೇ ಇಲ್ಲ ಎಂದರು. 60 ಲಕ್ಷ ಯೆಹೂದಿಗಳ ಹೆಣ ಎದುರಿಗೆ ಇರುವಾಗ ಯಾರೂ ಈ ಸಿದ್ಧಾಂತದ ಹತ್ತಿರ ಬರುವುದಿಲ್ಲ, ಅದಕ್ಕೆ ಮೊದಲು ಹೆಣಗಳನ್ನು ಮಾಯ ಮಾಡಬೇಕಿತ್ತು. 2000ರ ಏಪ್ರಿಲ್‌ನಲ್ಲಿ ಲಂಡನ್ ಹೈಕೋರ್ಟ್, ನರಮೇಧವನ್ನು ಅಲ್ಲಗಳೆಯುತ್ತಿದ್ದ ಬ್ರಿಟಿಷ್ ಲೇಖಕ ಡೇವಿಡ್ ಅರ್ವಿಂಗ್ ಹೂಡಿದ್ದ ಮಾನನಷ್ಟ ಮೊಕದ್ದಮೆಯನ್ನು ವಜಾ ಮಾಡಿ, ಅವನು ಸಾಕ್ಷ್ಯಗಳನ್ನು ಬೇಕೆಂದೇ ತಿರುಚಿದ್ದಾನೆ ಎಂದು ಹೇಳಿತು. ಈಗಿನ ಹುಡುಗರಲ್ಲಿ ಹಲವರು ಅಲ್ಲಗಳೆಯುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ. ಅನಿಲದ ಕೋಣೆಗಳ ಬಗ್ಗೆ ಮೀಮ್ ಮಾಡಿ ನಗುತ್ತಾರೆ. ಇದು ತಮಾಷೆಯೋ ನಿಜವೋ ಅಂತ ಹೊಸಬರಿಗೆ ಗೊತ್ತಾಗದಂತೆ ಬರೆಯಬೇಕು ಅನ್ನುವುದು 'ಡೈಲಿ ಸ್ಟಾರ್ಮರ್' ಎಂಬ ನವ ನಾಜಿ ತಾಣದ ಬರಹಗಾರರಿಗಿದ್ದ ಸೂಚನೆ. ಆ ತಾಣದ ಹೆಸರು ಯೂಲಿಯಸ್ ಸ್ಟ್ರೈಖರ್‌ನ ಯೆಹೂದಿ ದ್ವೇಷದ ಪತ್ರಿಕೆಯಿಂದ ಬಂದದ್ದು. ಸ್ಟ್ರೈಖರ್‌ನನ್ನು 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೇರಿಸಿದ್ದರು.

ಹನ್ನೊಂದು ವರ್ಷ ಕಾಣಿಸಲಿಲ್ಲ

ಮತ್ತೆ ಜರ್ಮನಿಯ ಆ ಮೂವರ ಕಡೆ ಬರೋಣ. ಯೇನಾ ಎಂಬ ಊರಿನಲ್ಲಿ ಅವರು ಬಾಡಿಗೆಗೆ ಹಿಡಿದಿದ್ದ ಗ್ಯಾರೇಜಿನಲ್ಲಿ 1998ರ ಜನವರಿಯಲ್ಲಿ ಪೊಲೀಸರಿಗೆ ಪೈಪ್ ಬಾಂಬ್‌ಗಳು ಸಿಕ್ಕವು. ಮೂವರೂ ತಲೆಮರೆಸಿಕೊಂಡರು. 2000ದ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ಹೂ ಮಾರುವವರೊಬ್ಬರ ಕೊಲೆಯಾಯಿತು. ಆಮೇಲೆ ದರ್ಜಿ, ತರಕಾರಿ ಅಂಗಡಿಯವರು, ಕಬಾಬ್ ಮಾರುವವರು, ಕೀಲಿ ಮಾಡುವವರು. ಒಂಬತ್ತು ಕೊಲೆಗಳಿಗೂ ಒಂದೇ ಪಿಸ್ತೂಲು ಬಳಸಿದ್ದು ಪೊಲೀಸರಿಗೆ ಗೊತ್ತಿತ್ತು.

ಆದರೆ ಅವರು ಅನುಮಾನಿಸಿದ್ದು ಸತ್ತವರನ್ನೇ. ಡ್ರಗ್ಸ್ ಇರಬೇಕು, ಮಾಫಿಯಾ ಇರಬೇಕು, ಮನೆಯ ಜಗಳ ಇರಬೇಕು. ತನಿಖಾ ತಂಡಕ್ಕೆ ಇಟ್ಟ ಹೆಸರೇ 'ಬಾಸ್ಫರಸ್'. ಟರ್ಕಿಯ ಜಲಸಂಧಿಯ ಹೆಸರು. ಪತ್ರಿಕೆಗಳು ಇವನ್ನು ಕಬಾಬ್ ಕೊಲೆಗಳು ಅಂತ ಕರೆದವು. ಮಾಫಿಯಾದವರು ಹಣ ಕೇಳಲು ಬರಬಹುದು ಅಂತ ಪೊಲೀಸರೇ ಒಂದು ಕಬಾಬ್ ಅಂಗಡಿ ಇಟ್ಟು ಕಾದರು. ಗಂಡನನ್ನು ಕಳೆದುಕೊಂಡ ಹೆಂಡತಿಯರು ವರ್ಷಗಟ್ಟಲೆ ವಿಚಾರಣೆ ಎದುರಿಸಿದರು. 2006ರಲ್ಲಿ ಕಾಸೆಲ್ ನಗರದಲ್ಲಿ ಸತ್ತವರ ಮನೆಯವರು ಮೆರವಣಿಗೆ ಮಾಡಿ "ಹತ್ತನೇ ಬಲಿ ಬೇಡ" ಅಂತ ಬ್ಯಾನರ್ ಹಿಡಿದರು. ಇದು ಜನಾಂಗ ದ್ವೇಷದ ಕೊಲೆ ಅಂತ ಅವರಿಗೆ ಅನಿಸಿತ್ತು. ಕೇಳುವವರು ಇರಲಿಲ್ಲ. ಮರುವರ್ಷ ಹತ್ತನೆಯ ಕೊಲೆಯೂ ನಡೆಯಿತು.

2011ರ ನವೆಂಬರ್ 4ರಂದು ಐಸೆನಾಖ್‌ನಲ್ಲಿ ಬ್ಯಾಂಕ್ ದರೋಡೆ ಮಾಡಿ ಸಿಕ್ಕಿಬಿದ್ದ ಇಬ್ಬರು ಗಂಡಸರು ತಮ್ಮ ವ್ಯಾನಿನಲ್ಲೇ ಸತ್ತರು. ಚೇಪೆ ಮನೆಗೆ ಬೆಂಕಿ ಹಚ್ಚಿ, ಕೊಲೆಗಳನ್ನು ಕಾರ್ಟೂನಿನ ನಡುವೆ ಕೊಚ್ಚಿಕೊಂಡ ಡಿವಿಡಿಗಳನ್ನು ಪೋಸ್ಟ್ ಮಾಡಿ, ಕೆಲವು ದಿನಗಳ ನಂತರ ಶರಣಾದಳು. ಅದರ ಬೆನ್ನಲ್ಲೇ ದೇಶದ ಒಳ ಗುಪ್ತಚರ ಸಂಸ್ಥೆಯಲ್ಲಿ ನವ ನಾಜಿ ಮಾಹಿತಿದಾರರ ಕಡತಗಳನ್ನು ಹರಿದು ಹಾಕಲಾಯಿತು. ಆ ಸುದ್ದಿ ಹೊರಬಂದಾಗ ಸಂಸ್ಥೆಯ ಮುಖ್ಯಸ್ಥ ಹುದ್ದೆ ಬಿಡಬೇಕಾಯಿತು. 2012ರ ಫೆಬ್ರವರಿಯಲ್ಲಿ ಚಾನ್ಸಲರ್ ಆಂಗೆಲಾ ಮರ್ಕೆಲ್ ಕುಟುಂಬಗಳ ಮುಂದೆ ಕ್ಷಮೆ ಕೇಳಿದರು.

ಜರ್ಮನಿಯಲ್ಲಿ ನಾಜಿ ಚಿಹ್ನೆ ತೋರಿಸುವುದು ಅಪರಾಧ. ನರಮೇಧ ನಡೆಯಲೇ ಇಲ್ಲ ಅನ್ನುವುದೂ ಅಪರಾಧ. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಈ ಕಾನೂನುಗಳು ಬೇಕು ಅಂತಲೇ ನನ್ನ ಅಭಿಪ್ರಾಯ. 2024ರಲ್ಲಿ ತೀವ್ರ ಬಲಪಂಥದ ಎಎಫ್‌ಡಿ ಪಕ್ಷದ ನಾಯಕ ಬ್ಯೋರ್ನ್ ಹ್ಯೋಕೆ ನಾಜಿ ಪಡೆಯ ಘೋಷಣೆಯೊಂದನ್ನು ಭಾಷಣದಲ್ಲಿ ಬಳಸಿದ್ದಕ್ಕೆ 13,000 ಯೂರೊ ದಂಡ ಬಿತ್ತು. ಅವನು ಹಿಂದೆ ಇತಿಹಾಸದ ಮೇಷ್ಟ್ರಾಗಿದ್ದವನು, ಅದು ಯಾರ ಘೋಷಣೆ ಅಂತ ಗೊತ್ತಿರಲಿಲ್ಲ ಎಂದ. ಕೋರ್ಟ್ ನಂಬಲಿಲ್ಲ. ಆದರೆ ಚಿಹ್ನೆ ಹಿಡಿಯುವ ಬಲೆಗೆ ಚಿಹ್ನೆ ಇಲ್ಲದ ಕೊಲೆ ಸಿಗುವುದಿಲ್ಲ. ಆ ಮೂವರು ಕೊಂದ ಜಾಗದಲ್ಲಿ ಏನನ್ನೂ ಬರೆದಿಡಲಿಲ್ಲ, ಯಾರಿಗೂ ಪತ್ರ ಬರೆಯಲಿಲ್ಲ. ನಾಜಿ ಅಂದರೆ ಮೆರವಣಿಗೆ, ಬೂಟು, ಬಾವುಟ ಅಂದುಕೊಂಡಿದ್ದ ಪೊಲೀಸರಿಗೆ ಕಾಣಿಸಿದ್ದು ಟರ್ಕಿಯವರ ಹೆಣ ಮಾತ್ರ.

ಓಕ್ ಕ್ರೀಕ್

ಅಮೆರಿಕದಲ್ಲೂ ಇದೇ ಕಥೆ ನಡೆಯಿತು, ಈ ಸಲ ನಮ್ಮವರ ಮನೆ ಬಾಗಿಲಲ್ಲಿ. 2009ರ ಏಪ್ರಿಲ್‌ನಲ್ಲಿ ಅಲ್ಲಿನ ಆಂತರಿಕ ಭದ್ರತಾ ಇಲಾಖೆಯ ವಿಶ್ಲೇಷಕ ಡ್ಯಾರಿಲ್ ಜಾನ್ಸನ್ ಅವರ ತಂಡ ಒಂದು ವರದಿ ಕೊಟ್ಟಿತು. ಬಲಪಂಥೀಯ ಉಗ್ರವಾದ ಮತ್ತೆ ಬೆಳೆಯುತ್ತಿದೆ, ಮಾಜಿ ಸೈನಿಕರನ್ನು ಸೆಳೆಯಲು ನೋಡುತ್ತಿದ್ದಾರೆ ಅಂತ ಅದರಲ್ಲಿತ್ತು. ಸೈನಿಕರಿಗೆ ಅವಮಾನ ಮಾಡಿದ್ದೀರಿ ಅಂತ ರಾಜಕಾರಣಿಗಳು ಕೂಗೆಬ್ಬಿಸಿದರು. ಇಲಾಖೆಯ ಮುಖ್ಯಸ್ಥೆ ಕ್ಷಮೆ ಕೇಳಿದರು. ವರದಿ ಮೂಲೆಗೆ ಬಿತ್ತು, ತಂಡವೂ ಕರಗಿತು.

2012ರ ಆಗಸ್ಟ್ 5, ಭಾನುವಾರ ಬೆಳಗ್ಗೆ, ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್ ಗುರುದ್ವಾರದಲ್ಲಿ ಲಂಗರ್‌ಗೆ ಅಡುಗೆ ನಡೆಯುತ್ತಿತ್ತು. ವೇಡ್ ಮೈಕಲ್ ಪೇಜ್ ಬಂದೂಕು ಹಿಡಿದು ನುಗ್ಗಿದ. ಆರು ಜನ ಅಂದೇ ಸತ್ತರು. ಗಾಯಗೊಂಡಿದ್ದ ಇನ್ನೊಬ್ಬರು ಹಾಸಿಗೆಯಲ್ಲೇ ವರ್ಷಗಳನ್ನು ಕಳೆದು 2020ರಲ್ಲಿ ತೀರಿಕೊಂಡರು. ಪೇಜ್ ಮಾಜಿ ಸೈನಿಕ. ನವ ನಾಜಿ ಬ್ಯಾಂಡ್‌ಗಳಲ್ಲಿ ಗಿಟಾರ್ ಬಾರಿಸುತ್ತಿದ್ದವನು, 'ಹ್ಯಾಮರ್‌ಸ್ಕಿನ್ಸ್' ಗುಂಪಿನ ಸದಸ್ಯ.

ತಾಯಿಯನ್ನು ಕಳೆದುಕೊಂಡ ಹದಿನೆಂಟರ ಹುಡುಗನೊಬ್ಬ ಮುಂದಿನ ತಿಂಗಳು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಬಂದು ಕೂತ. ತನ್ನ ತಾಯಿಯ ಕೊಲೆಯನ್ನು ಸಿಖ್ಖರ ಮೇಲಿನ ದ್ವೇಷದ ಅಪರಾಧ ಅಂತ ಸರ್ಕಾರ ಎಣಿಸಬೇಕು ಅಂತ ಕೇಳಿದ. ದ್ವೇಷದ ಅಪರಾಧಗಳ ಲೆಕ್ಕಕ್ಕೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಪ್ರತಿ ವರ್ಷ ಭರ್ತಿ ಮಾಡಿಸುತ್ತಿದ್ದ ನಮೂನೆಯಲ್ಲಿ ಆಗ ಸಿಖ್ಖರಿಗೆ ಕಾಲಂ ಇರಲಿಲ್ಲ, ಹಿಂದೂಗಳಿಗೂ ಇರಲಿಲ್ಲ. ಎರಡನ್ನೂ ಸೇರಿಸಿ ಲೆಕ್ಕ ಇಡಲು ಶುರು ಮಾಡಿದ್ದು 2015ರಲ್ಲಿ.